ತಲಕಾವೇರಿಗೆ ಹೊರಟ ನಮ್ಮ ಪದ್ಮಿನಿ

"ತಲಕಾವೇರಿಗೆ ಹೋಗಿ ಬಂದ್ಮೇಲೆ ಈ ಕಾರು ಕೊಟ್ಟುಬಿಡೋಣ" ಅಂತ ನಮ್ಮವರು ಹೊರಡುವ ಹಿಂದಿನ ರಾತ್ರಿಯೇ ಹೇಳಿದ್ದರು. ಅತ್ತೆ ಏನೂ ಆಡಲಿಲ್ಲ. ಪುಳಿಯೋಗರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿ ಪಕ್ಕಕ್ಕಿಟ್ಟರು, ಅಷ್ಟೆ.

ಕಾರು ಮಾವನವರದು. 1982ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದ್ದು, ಗೇರು ಸ್ಟಿಯರಿಂಗ್ ಪಕ್ಕದಲ್ಲೇ. ಮಾವನವರು ಹೋಗಿ ಆರು ವರ್ಷವಾಯಿತು. 2023ರ ಅಕ್ಟೋಬರಿನಲ್ಲಿ ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ ಓಡಾಟ ನಿಲ್ಲಿಸಿದವು. "ಟ್ಯಾಕ್ಸಿಯವರೇ ಬಿಟ್ಟದ್ದನ್ನು ನಾವ್ಯಾಕೆ ಸಾಕಬೇಕು?" ಎನ್ನುವುದು ನಮ್ಮವರ ವಾದ. ಅವರದೂ ತಪ್ಪಲ್ಲ ಅನ್ನಿ. ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೆ ಸಾಕು, ಕೀಲಿ ತಿರುಗಿಸಿದಾಗ 'ಟಕ್' ಎಂದೊಂದು ಸದ್ದು, ಆಮೇಲೆ ಮೌನ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದಾಗಿತ್ತು.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟಿ ಕುಶಾಲನಗರಕ್ಕೆ ಬಂದರೆ ಕಾವೇರಿ ಸಿಗುತ್ತಾಳೆ. ಅಲ್ಲಿಂದ ಮುಂದೆ ಏರು. ಸುಂಟಿಕೊಪ್ಪದ ಕಾಫಿ ತೋಟಗಳು, ಮರ ತಬ್ಬಿದ ಮೆಣಸಿನ ಬಳ್ಳಿಗಳು, ತಣ್ಣನೆಯ ಗಾಳಿ. ನಮ್ಮ ಪದ್ಮಿನಿ ಒಮ್ಮೆಯೂ ಕೆಮ್ಮದೆ ಹತ್ತಿದಳು.

ಮಡಿಕೇರಿಯಲ್ಲಿ ಮಾತ್ರ ಮಳೆ ಹಿಡಿದುಕೊಂಡಿತು. ಎರಡು ದಿನ ರಾಜಾಸೀಟಿಗೂ ಹೋಗಲಾಗದೆ ಕೋಣೆಯಲ್ಲೇ ಕೂತೆವು. ಮೂರನೆಯ ಬೆಳಿಗ್ಗೆ ಬಿಸಿಲು ಬಂತು. ಬೇಗ ಬೇಗ ನೂಪುಟ್ಟು ತಿಂದು ಹೊರಟರೆ, 'ಟಕ್'! ನಮ್ಮವರು ನನ್ನ ಮುಖ ನೋಡಿದರು. "ನೋಡಿದೆಯಾ?" ಅಂತ ಬಾಯಿ ಬಿಟ್ಟು ಹೇಳಲೇ ಬೇಕಾಗಿರಲಿಲ್ಲ.

ವಸತಿಗೃಹದವರು ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಅವರು ತಮ್ಮ ಬ್ಯಾಟರಿಯೊಂದನ್ನು ತಂದು ಜೋಡಿಸಿ, "ನಿಮ್ಮ ಬ್ಯಾಟರಿದು ತಪ್ಪಿಲ್ಲ ಅಮ್ಮ. ಕದ್ದು ಕುಡಿಯೋರು ಯಾರೋ ಇದಾರೆ" ಎಂದರು. ಕೀಲಿ ತೆಗೆಸಿ, ಬಾಗಿಲೆಲ್ಲ ಮುಚ್ಚಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಬಿಚ್ಚಿದ ತಂತಿಗೂ ಬ್ಯಾಟರಿಗೂ ನಡುವೆ 12 ವೋಲ್ಟಿನ ಪುಟ್ಟ ಬಲ್ಬು ಹಿಡಿದರು. ಎಲ್ಲವೂ ಆರಿದ್ದರೆ ಅದು ಉರಿಯಬಾರದು. ಮಂಕಾಗಿ ಉರಿಯಿತು! ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಆ ದಾರಿಯಲ್ಲಿ ಕಳ್ಳ. ಎಲ್ಲ ಕಿತ್ತರೂ ಬಲ್ಬು ಆರಲಿಲ್ಲ.

"ಫ್ಯೂಸ್ ದಾಟಿ ನೇರ ಬ್ಯಾಟರಿಯಿಂದ ಯಾರಾದ್ರೂ ತಂತಿ ಎಳೆದಿದ್ರಾ?"

ನಮ್ಮವರು ತಲೆಯಾಡಿಸಿದರು, ಗೊತ್ತಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಮೆಲ್ಲಗೆ, "ಡಿಕ್ಕಿಯ ದೀಪ ಕಂಪನಿಯವರದ್ದಲ್ಲ. ಅವರು ಹಾಕಿಸಿದ್ದು. ಭಾಗಮಂಡಲದಲ್ಲಿ ಕತ್ತಲಾಗಿ ನಾನು ತೀರ್ಥದ ತಂಬಿಗೆ ತಡಕಾಡಿ ಚೆಲ್ಲಿಬಿಟ್ಟಿದ್ದೆ. ಮುಂದಿನ ವಾರವೇ ಹಾಕಿಸಿದ್ರು" ಎಂದರು.

ಡಿಕ್ಕಿ ತೆರೆದರೆ ದೀಪ ಉರಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಮುಚ್ಚಿದ ಮೇಲೂ ಉರಿಯುತ್ತಿದೆ ಅಂತ ಒಳಗೆ ಕೂತು ನೋಡಿದವರು ಯಾರು? ಹಿರಿಯರು ಡಿಕ್ಕಿ ತೆರೆದ ಕೂಡಲೇ ಬಲ್ಬು ಮುಟ್ಟಿ ನೋಡಿದರು. ಬೆಚ್ಚಗಿತ್ತು. ಮುಚ್ಚಳ ಬಂದು ಒತ್ತಬೇಕಾದ ಸ್ವಿಚ್ಚಿನ ಮೇಲಿನ ರಬ್ಬರು ಸವೆದು ಉದುರಿಹೋಗಿತ್ತು. ಐದೇ ವ್ಯಾಟಿನ ಬಲ್ಬು, ಹೆಚ್ಚೆಂದರೆ ಅರ್ಧ ಆಂಪಿಯರ್. ಆದರೆ ಹಗಲೂ ರಾತ್ರಿ ಎಳೆದರೆ ದಿನಕ್ಕೆ ಹತ್ತು ಆಂಪಿಯರ್-ಗಂಟೆ ಖಾಲಿ. ತೊಟ್ಟಿಕ್ಕುವ ನಲ್ಲಿ ಕೊಡ ತುಂಬಿಸುವುದಿಲ್ಲವೇ, ಹಾಗೆ. ಸಾಲದ್ದಕ್ಕೆ ಮಡಿಕೇರಿಯ ಚಳಿ ಬೇರೆ. ಚಳಿಯಲ್ಲಿ ಬ್ಯಾಟರಿಯ ಕಸುವು ಇನ್ನೂ ಕುಗ್ಗುತ್ತದೆ.

"ತಂತಿ ಕತ್ತರಿಸಿ ಬಿಸಾಡಲಾ?" ಎಂದರು ಹಿರಿಯರು.

"ಬೇಡ." ಹೇಳಿದ್ದು ಅತ್ತೆಯಲ್ಲ, ನಮ್ಮವರು.

ಸೈಕಲ್ ಟ್ಯೂಬಿನ ತುಂಡೊಂದು ಸ್ವಿಚ್ಚಿನ ತಲೆಗೆ ಅಂಟಿತು, ತಂತಿಗೊಂದು ಫ್ಯೂಸು ಸೇರಿತು. ಪರೀಕ್ಷೆಯ ಬಲ್ಬು ಆರಿತು. ಅವರ ಬ್ಯಾಟರಿಯ ಬಲದಿಂದಲೇ ಕಾರು ಹೊರಟಿತು.

ಭಾಗಮಂಡಲಕ್ಕೆ ಅಲ್ಲಿಂದ 40 ಕಿಲೋಮೀಟರ್, ತಲಕಾವೇರಿಗೆ ಮತ್ತೆ ಎಂಟು. ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವಲ್ಲಿ ಅತ್ತೆ ತಂಬಿಗೆ ತುಂಬಿಸಿಕೊಂಡರು. ಹಿಂತಿರುಗುವಾಗ ಕತ್ತಲಾಗಿತ್ತು. ಡಿಕ್ಕಿ ತೆರೆದೆ, ದೀಪ ಹತ್ತಿತು. ಅತ್ತೆ ತಂಬಿಗೆಯನ್ನು ಬೆಳಕಿನಲ್ಲಿ ಭದ್ರವಾಗಿ ಇಟ್ಟರು.

ಮೈಸೂರಿಗೆ ಬಂದ ಮಾರನೆಯ ದಿನ, ಕಾರು ನೋಡಲು ಬರುತ್ತೇವೆಂದಿದ್ದವರಿಗೆ ನಮ್ಮವರೇ ಫೋನು ಮಾಡಿದರು: "ಕ್ಷಮಿಸಿ, ಕೊಡೋದಿಲ್ಲ."