ಬನವಾಸಿಯ ಹಬ್ಬ, ಕುರಿಕ್ಯಾಲದ ಬಂಡೆ

ಬನವಾಸಿಯಲ್ಲಿ ಕದಂಬೋತ್ಸವ ನಡೆದಾಗಲೆಲ್ಲ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳ ಸುರಿಮಳೆ. ಮಧುಕೇಶ್ವರ ದೇಗುಲದ ದೀಪಗಳು, ಡೊಳ್ಳು, ಮೆರವಣಿಗೆ, ಕೊನೆಗೆ ಪಂಪ ಪ್ರಶಸ್ತಿ. ಸುಮಾರು ಕ್ರಿ.ಶ. 345ರಲ್ಲಿ ಮಯೂರಶರ್ಮ ಕಟ್ಟಿದ ರಾಜ್ಯದ ನೆನಪಿಗೆ ಈ ಹಬ್ಬ. ಪ್ರಾಜೆಕ್ಟಿನ ಗಡುವುಗಳ ನಡುವೆ ಜೀಡಿಮೆಟ್ಲಾದಲ್ಲಿ ಕೂತು ಅದನ್ನು ನೋಡುವ ನನ್ನ ಮನಸ್ಸು ಮಾತ್ರ ಆ ಪ್ರಶಸ್ತಿಯ ಹೆಸರಿನಲ್ಲೇ ನಿಲ್ಲುತ್ತದೆ.

ಬನವಾಸಿಗಾಗಿ ಅಷ್ಟು ಹಂಬಲಿಸಿದ ಪಂಪ ಬಾಳಿದ್ದು ಈ ಸೀಮೆಯಲ್ಲಿ, ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ ಹುಟ್ಟಿದ್ದು ಅಲ್ಲೇ. ನಮ್ಮ ಮನೆಯಿಂದ ಸಿದ್ದಿಪೇಟೆ, ಸಿರಿಸಿಲ್ಲಾ ಮೇಲೆ ಮೂರು ತಾಸಿನ ದಾರಿ. ಇನ್ನಷ್ಟು ಮುಂದೆ, ಕರೀಂನಗರದ ಕಡೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನವಿದೆ. ಒಂದೇ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು. ಅದರ ತೆಲುಗು ಕಂದಪದ್ಯಗಳನ್ನು ತೆಲುಗಿನವರು ತಮ್ಮ ಅತಿ ಹಳೆಯ ಕಂದಗಳಲ್ಲಿ ಎಣಿಸುತ್ತಾರೆ. ಅಣ್ಣತಮ್ಮಂದಿರ ಮನೆತನದ ಮೂಲ ವೆಂಗಿನಾಡು, ತಾಯಿಯ ಕಡೆಯವರು ಅಣ್ಣಿಗೇರಿಯವರು.

ನನ್ನ ಮಗಳು ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು ಮಾತಾಡುತ್ತಾಳೆ. ಊರಿಗೆ ಹೋದರೆ ‘ಪೂರಾ ತೆಲುಗಿನವಳಾದೆ ಬಿಡು’ ಎಂದು ರೇಗಿಸುತ್ತಾರೆ. ಇಲ್ಲಿ ಅವಳು ‘ಕನ್ನಡೋಳ್ಳ ಅಮ್ಮಾಯಿ’. ಎರಡೂ ಕಡೆ ಸ್ವಲ್ಪ ಹೊರಗಿನವಳು. ನಗುತ್ತಾಳೆ, ಆದರೆ ಈಚೆಗೆ ಊರಲ್ಲಿ ಮಾತು ಕಡಿಮೆ ಮಾಡಿದ್ದಾಳೆ. ಅದೇ ನನಗೆ ಚಿಂತೆ.

ಉತ್ಸವಗಳು ಅರಸರ ಹೆಸರಲ್ಲಿ ನಡೆಯಲಿ, ಬೇಡ ಎನ್ನುವುದಿಲ್ಲ. ಅವಳಿಗೆ ಬನವಾಸಿಯನ್ನೂ ತೋರಿಸಬೇಕು. ಆದರೆ ಮೊದಲು ಕುರಿಕ್ಯಾಲ. ಆ ಹಳೆಯ ಅಕ್ಷರಗಳು ನಮ್ಮಿಬ್ಬರಿಗೂ ಓದಲು ಬಾರವು. ಇರಲಿ, ಸಾವಿರ ವರ್ಷದ ಹಿಂದೆಯೂ ಒಂದು ಮನೆಯಲ್ಲಿ ಎರಡು ಭಾಷೆ ಇದ್ದವೆಂದು ಬಂಡೆ ತೋರಿಸಿ ಹೇಳಬಹುದು.