ಬಂಡೆಯೇರುವ ಬಂಡಿ

ನಮ್ಮ ಮನೆಯಲ್ಲಿ ಈಗ ನಾಲ್ಕು ಗಾಡಿಗಳಿವೆ. ನನ್ನದೊಂದು ಸ್ಕೂಟರು, ಮಗನದೊಂದು ಸೈಕಲ್ಲು, ಅಪ್ಪ ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರು ಒಂದು. ವಾಕರನ್ನು ಗಾಡಿಗಳ ಲೆಕ್ಕಕ್ಕೆ ಸೇರಿಸಿದವರು ಅಪ್ಪನೇ; ನಾನಲ್ಲ. ನಾಲ್ಕನೆಯದು, ಉಳಿದ ಮೂರಕ್ಕಿಂತಲೂ ಹೆಚ್ಚು ಉಪಚಾರ ಪಡೆಯುವಂಥದು, ಎರಡು ಅಡಿಗೆ ತುಸು ಕಡಿಮೆ ಉದ್ದದ ಒಂದು ಜೀಪು.

ಇದು ಬಂದದ್ದು ಕ್ಯಾಲಿಫೋರ್ನಿಯಾದಿಂದ. ಅಲ್ಲಿರುವ ನನ್ನ ಭಾವಮೈದ ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ಸೋದರಳಿಯನಿಗೆಂದು ತಂದುಕೊಟ್ಟ. ಆ ಸೀಮೆಯ ಸಿಯೆರಾ ನೆವಾಡ ಬೆಟ್ಟಗಳಲ್ಲಿ ರೂಬಿಕಾನ್ ಎಂಬ ಜಾಡೊಂದಿದೆ. ಅದನ್ನು ದಾರಿಯೆನ್ನುವುದಕ್ಕಿಂತ ಕಲ್ಲುಗುಂಡುಗಳ ರಾಶಿ ಎನ್ನುವುದೇ ಸರಿ. ಅದರ ಮೇಲೆ ಜೀಪು ಹತ್ತಿಸಿ ಇಳಿಸುವುದು ಅಲ್ಲಿ ಕೆಲವರಿಗೆ ಪುರುಷಾರ್ಥ. ಅಂಥ ಜೀಪನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ, ಹೊಟ್ಟೆಯಲ್ಲಿ ಮೋಟಾರು, ಬ್ಯಾಟರಿ ಇಟ್ಟು, ಕೈಯಲ್ಲಿ ಹಿಡಿದ ರೇಡಿಯೋ ಯಂತ್ರದಿಂದ ನಡೆಸುವಂತೆ ಮಾಡಿದರೆ ಅದು ‘ರಾಕ್ ಕ್ರಾಲರ್’. ಓಡುವುದು ಇದರ ಧರ್ಮವಲ್ಲ. ಮನುಷ್ಯ ನಡೆಯುವ ವೇಗವೇ ಇದಕ್ಕೆ ಹೆಚ್ಚು. ಒಂದು ಚಕ್ರ ಗುಳಿಯಲ್ಲಿ, ಒಂದು ಚಕ್ರ ಗುಂಡಿನ ನೆತ್ತಿಯಲ್ಲಿ ಇಟ್ಟು, ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಏರಬೇಕು.

ಕನ್ನಡ ಮೇಷ್ಟರ ಮನೆಗೆ ಬಂದ ವಸ್ತುವಿಗೆ ಕನ್ನಡದ ಹೆಸರಿಲ್ಲದಿದ್ದರೆ ಹೇಗೆ? ‘ಬಂಡೆಯೇರುವ ಬಂಡಿ’ ಎಂದು ನಾಮಕರಣ ಮಾಡಿದೆ. “ಅಪ್ಪಾ, ನನ್ನ ಸ್ನೇಹಿತರ ಮುಂದೆ ಮಾತ್ರ ಇದನ್ನು ಹೇಳಬೇಡಿ” ಎಂದು ಮಗ ಕೈಮುಗಿದ.

ಬಂಡೆಗೆ ನಮ್ಮಲ್ಲಿ ಬರವಿಲ್ಲ. ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಸಾಗುವ ಕಲ್ಲಿನ ಪಟ್ಟಿಗೆ ಭೂಗರ್ಭಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಊರು ಮಧುಗಿರಿಯ ಕಡೆಯದು. ಊರ ಮನೆಯ ಹಿತ್ತಿಲು ದಾಟಿದರೆ ಆನೆ ಮಲಗಿದಂಥ ಒಂದು ಬಂಡೆ ಇದೆ. ನಾನು ಹುಡುಗನಾಗಿದ್ದಾಗ ಅದರ ಮೇಲೆ ಹುಣಿಸೆಹಣ್ಣು ಒಣಹಾಕುತ್ತಿದ್ದರು. ಮಳೆ ಬಿಸಿಲಿಗೆ ಸಿಪ್ಪೆಯೆದ್ದ ಅದರ ಮೈ ಗರಗಸದ ಹಾಗೆ ಒರಟು; ಮೆತ್ತನೆಯ ರಬ್ಬರು ಚಕ್ರ ಚೆನ್ನಾಗಿ ಕಚ್ಚುತ್ತದೆ. ದಸರೆಯ ರಜೆಯಲ್ಲಿ ಬಂಡಿಯನ್ನು ಅಲ್ಲಿಗೆ ಒಯ್ದೆವು.

ಬಂಡಿ ಏರಲಿಲ್ಲ, ಕುಣಿಯಿತು. ಕಡಿದಾದ ಜಾಗಕ್ಕೆ ಬಂದೊಡನೆ ಮುಂದಿನ ಚಕ್ರಗಳು ಟಪಟಪನೆ ಕುಪ್ಪಳಿಸಿ, ಹಿಡಿತ ತಪ್ಪಿ, ಗಾಡಿ ಅಂಗಾತ ಬಿದ್ದಿತು. ಮೂರು ದಿನ ಬಿದ್ದು ಎದ್ದಮೇಲೆ ನೋಡಿದರೆ ಮುಂದಿನ ಎರಡು ಶಾಕುಗಳ ಮೈಯೆಲ್ಲ ಎಣ್ಣೆ. ಹಿಂದಿನ ಒಂದರ ಸರಳು ಸೊಟ್ಟ. ಮೋಟಾರಿಗೆ ಶಕ್ತಿ ಸಾಲದೆಂಬುದು ಮಗನ ಸಿದ್ಧಾಂತ. ನನಗೆ ಸಿದ್ಧಾಂತವೇ ಇರಲಿಲ್ಲ. ಅವನು ಬಂಡಿಯನ್ನು ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಕುಳಿತಿದ್ದ ತಾತನ ತೊಡೆಯ ಮೇಲಿಟ್ಟ.

ಇಲ್ಲಿ ಅಪ್ಪನ ವಿಷಯ ಎರಡು ಮಾತು ಹೇಳಬೇಕು. ಅವರು ಬಸ್ಸಿನ ಡಿಪೋದಲ್ಲಿ 34 ವರ್ಷ ಮೆಕ್ಯಾನಿಕ್ ಆಗಿದ್ದವರು. ನನಗೆ ಹನ್ನೆರಡು ವರ್ಷವಿದ್ದಾಗ ಭಾನುವಾರಗಳಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿನ ಕೆಳಗೆ ಅವರು ಮಲಗಿರುವಾಗ ಟಾರ್ಚು ಹಿಡಿಯುವುದು ನನ್ನ ಕೆಲಸ. ನನ್ನ ಇನ್ನೊಂದು ಕೈಯಲ್ಲಿ ಯಾವುದಾದರೊಂದು ಕಾದಂಬರಿ ಇರುತ್ತಿತ್ತು. ಬೆಳಕು ನಟ್ಟಿನ ಮೇಲೆ ಬೀಳುವ ಬದಲು ಎಲ್ಲೆಲ್ಲಿಯೋ ಬೀಳುತ್ತಿತ್ತು. ಒಂದು ದಿನ ಅವರು ಕೆಳಗಿನಿಂದಲೇ, “ನಿನ್ನ ಕೈಗೆ ಪುಸ್ತಕವೇ ಸರಿ, ಹೋಗು ಮಗ” ಎಂದರು. ಅದು ಹರಕೆಯೋ ಬೇಸರವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಮತ್ತೆ ನಾನು ಡಿಪೋಕ್ಕೆ ಹೋಗಲಿಲ್ಲ. ಕಾಲೇಜಿಗೆ ಸೇರಿದ ವರ್ಷ ಹಾಸ್ಟೆಲಿಗೆ ನನ್ನನ್ನು ನೋಡಲು ಬಂದ ಅವರು ಗ್ರೀಸು ಹತ್ತಿದ ಉಗುರುಗಳನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ನಿಂತಿದ್ದರು. ಆ ದಿನ ಅವರನ್ನು ಒಳಗೆ ಕರೆಯದೆ ಗೇಟಿನಲ್ಲಿಯೇ ಮಾತಾಡಿಸಿ ಕಳಿಸಿದೆ. ಅದನ್ನು ಅವರು ಮರೆತಿರಬಹುದು.

ಈಗ ಅವರಿಗೆ 77. ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತೇವೆ.

ಅಪ್ಪ ಬಂಡಿಯನ್ನು ನೆಲಕ್ಕಿಟ್ಟು, ಮುಂಭಾಗವನ್ನು ಒತ್ತಿ ಬಿಟ್ಟರು. ಅದು ಮೇಲೆದ್ದು, ಕುಗ್ಗಿ, ಮತ್ತೆ ಎದ್ದು, ಮತ್ತೆ ಕುಗ್ಗಿತು. “ಮೂರು ಸಲ ಕುಣೀತು ನೋಡಿದೆಯಾ? ಒಂದು ಸಲ ಎದ್ದು ಸುಮ್ಮನೆ ನಿಲ್ಲಬೇಕು. ಮೋಟಾರು ಏನ್ ಮಾಡುತ್ತೆ ಪಾಪ, ಶಾಕಬ್ಸರ್ ಸತ್ತಿದೆ.”

ಆಘಾತವನ್ನು ಹೀರುವುದರಿಂದಲೇ ಅದಕ್ಕೆ ಆ ಹೆಸರೆಂದು ನಾನು ಪದದ ಅರ್ಥ ಬಿಡಿಸಿದೆ. ಅಪ್ಪ ನಕ್ಕರು. “ಏಟು ತಿನ್ನೋದು ಸ್ಪ್ರಿಂಗು ಕಣೋ. ತಿಂದ ಮೇಲೆ ಅದು ಕುಣೀತಾ ಇರುತ್ತಲ್ಲ, ಅದನ್ನ ಸಮಾಧಾನ ಮಾಡೋದು ಎಣ್ಣೆ.” ಎಂ.ಎ. ಪದವೀಧರನ ನಿರುಕ್ತ ಅಲ್ಲಿಗೆ ಮುಗಿಯಿತು. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ತೂತುಗಳುಳ್ಳ ಒಂದು ಪಿಸ್ಟನ್ ಬಿಲ್ಲೆ, ಬಿಲ್ಲೆ ಮೇಲೆ ಕೆಳಗೆ ಸರಿಯುವಾಗ ಎಣ್ಣೆ ಆ ತೂತುಗಳಲ್ಲಿ ನುಸುಳಿ ಹೋಗಬೇಕು. ನುಸುಳುವ ಕಷ್ಟದಲ್ಲಿಯೇ ಕುಣಿತದ ಉಮೇದು ಕರಗುತ್ತದೆ. ಬಸ್ಸಿಗಾದರೂ ಆಟಿಕೆಗಾದರೂ ಇದೊಂದೇ ನ್ಯಾಯ.

ಹೊಸ ಶಾಕುಗಳನ್ನು ಕೊಳ್ಳುವುದೆಂದಾಯಿತು. ಅಂತರ್ಜಾಲದ ಅಂಗಡಿಯಲ್ಲಿ ಅವುಗಳ ಬಣ್ಣ ಬೆಡಗು ನೋಡಿದರೆ ಮದುವೆಗೆ ಜವಳಿ ಆರಿಸಿದ ಹಾಗಾಗುತ್ತದೆ. ಮಗನ ಕಣ್ಣು ಬಿದ್ದದ್ದು 100 ಮಿಲಿಮೀಟರಿನ ಕೆಂಪು ಜೋಡಿಗಳ ಮೇಲೆ. ಬಂಡಿಯಲ್ಲಿದ್ದುದು 90; ಪೂರ್ತಿ ಹಿಗ್ಗಿಸಿ, ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗೆ ಅಳೆಯಬೇಕು. ಉದ್ದವಾದಷ್ಟೂ ಗಾಡಿ ಎತ್ತರ ನಿಲ್ಲುತ್ತದೆ, ಕಲ್ಲು ಹೊಟ್ಟೆಗೆ ತಾಗುವುದಿಲ್ಲ ಎಂಬುದು ಅವನ ವಾದ. ತಾತ ಕೇಳಿದ್ದು ಒಂದೇ ಪ್ರಶ್ನೆ: “ಟಾಪಿನ ಮೇಲೆ ಲಗೇಜು ತುಂಬಿದ ಬಸ್ಸು ತಿರುವಿನಲ್ಲಿ ಹೇಗೆ ವಾಲುತ್ತೆ?” ಭಾರ ಮೇಲೇರಿದರೆ ಇಳಿಜಾರಿನಲ್ಲಿ ಪಲ್ಟಿ ನಿಶ್ಚಯ. ಜೊತೆಗೆ ಚಕ್ರಕ್ಕೆ ಶಕ್ತಿ ಒಯ್ಯುವ ದಂಡಗಳ ಕೋನವೂ ಕೆಟ್ಟು ಅವು ಬಿಗಿಯುತ್ತವೆ. 90ಕ್ಕೇ ತೀರ್ಮಾನವಾಯಿತು. ಅಲ್ಯೂಮಿನಿಯಮ್ಮಿನ ಕೊಳವೆ, ಅದರ ಹೊರಗೆ ತಿರುಪು, ಸ್ಪ್ರಿಂಗನ್ನು ಬಿಗಿಮಾಡಲು ಸಡಿಲಿಸಲು ಒಂದು ಬಳೆ. ಬಣ್ಣ ಮಾತ್ರ ಕೆಂಪೇ. ಅದರಲ್ಲಿ ಹುಡುಗ ಸೋಲಲಿಲ್ಲ.

ಎಣ್ಣೆಯ ವಿಷಯ ಸ್ವಲ್ಪ ತೊಡಕಿನದು. ಸಿಲಿಕೋನ್ ಎಣ್ಣೆಯ ಸೀಸೆಗಳ ಮೇಲೆ 20, 30, 40 ಎಂದು ‘ವೇಟ್’ ಬರೆದಿರುತ್ತದೆ. ಒಂದು ಕಂಪೆನಿಯ 30 ಇನ್ನೊಂದು ಕಂಪೆನಿಯ 30 ಆಗಿರಬೇಕೆಂಬ ನಿಯಮವಿಲ್ಲ. ಸೆಂಟಿಸ್ಟೋಕ್ಸ್ ಎಂಬ ಇನ್ನೊಂದು ಅಂಕಿಯನ್ನು ನಂಬುವುದು ಮೇಲು. ತೀರ ಗಟ್ಟಿಯಾದರೆ ಚಕ್ರ ಗುಳಿಗೆ ಇಳಿಯುವಷ್ಟರಲ್ಲಿ ಗುಳಿ ದಾಟಿಹೋಗಿರುತ್ತದೆ. ತೀರ ತೆಳುವಾದರೆ ಮೊದಲಿನ ಕುಣಿತ. ನಡುವಿನ 30 ತರಿಸಿದೆವು.

ಪೊಟ್ಟಣ ಬಂದ ಸಂಜೆ ಅಪ್ಪ ತಾವೇ ಜೋಡಿಸುತ್ತೇನೆಂದು ಕುಳಿತರು. ಸಾಸಿವೆಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ ಅವರ ಬೆರಳಿನಿಂದ ಎರಡು ಸಲ ಜಾರಿತು. ಮೂರನೆಯ ಸಲ ಅದನ್ನು ಹುಡುಕಲು ಮಗ ಮಂಚದ ಕೆಳಗೆ ಹೋದ. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ಕಡೆ ನೋಡದೆ, “ನೀನು ಕೂತ್ಕೋ. ನಾನು ಹೇಳ್ತೀನಿ” ಎಂದರು. ಆಮೇಲೆ ಗೂಡಿನಲ್ಲಿದ್ದ ಟಾರ್ಚನ್ನು ತೆಗೆದುಕೊಂಡರು.

ನಡುಗುವ ಬೆಳಕಿನಲ್ಲಿ ನಾನು ಕೆಲಸ ಕಲಿತೆ. ಸರಳನ್ನು ಇಕ್ಕಳದಿಂದ ಹಿಡಿಯಬಾರದು. ಹಲ್ಲಿನ ಗುರುತು ಬಿದ್ದರೆ ರಬ್ಬರು ಉಂಗುರ ಹರಿದು ಎಣ್ಣೆ ಸೋರುತ್ತದೆ. ಸರಳಿನ ತಿರುಪು ಉಂಗುರದೊಳಗೆ ಹಾಯುವ ಮೊದಲು ಅದಕ್ಕೂ ಎಣ್ಣೆ ಸವರಬೇಕು. ಪಿಸ್ಟನ್ನು ಕೆಳಗಿರುವಾಗ ಎಣ್ಣೆ ತುಂಬಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು, ಗುಳ್ಳೆಗಳು ಏಳುತ್ತವೆ. “ಅವಸರ ಮಾಡಬೇಡ. ಗಾಳಿ ತಾನಾಗಿ ಹೋಗಲಿ” ಎಂದರು. ನಾಲ್ಕು ಶಾಕುಗಳನ್ನೂ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಕಾಯುತ್ತಾ ಕುಳಿತೆವು. ಇಷ್ಟು ಹೊತ್ತು ನಾನು ಅಪ್ಪನ ಪಕ್ಕದಲ್ಲಿ ಮೊಬೈಲು, ಉತ್ತರಪತ್ರಿಕೆ ಯಾವುದೂ ಇಲ್ಲದೆ ಕುಳಿತು ಎಷ್ಟು ಕಾಲವಾಗಿತ್ತೋ. ಅವರು ಡಿಪೋದ ಕಥೆ ಹೇಳಿದರು. ಹಾಸ್ಟೆಲಿನ ಗೇಟಿನ ಮಾತು ನನ್ನ ನಾಲಗೆಯವರೆಗೆ ಬಂದಿತು. ಅಷ್ಟರಲ್ಲಿ ಮಗ, “ಗುಳ್ಳೆ ಹೋಯ್ತು!” ಎಂದು ಕೂಗಿದ.

ಮುಚ್ಚಳ ಹಾಕುವುದರಲ್ಲಿಯೂ ಒಂದು ಮರ್ಮವಿದೆ. ಸರಳು ಒಳಗೆ ಬಂದಾಗ ತನ್ನ ಗಾತ್ರದಷ್ಟು ಜಾಗ ಕೇಳುತ್ತದೆ. ಕೊಳವೆ ಕಂಠಪೂರ್ತಿ ತುಂಬಿದ್ದರೆ ಅದು ಪೂರ್ತಿ ಒಳಸರಿಯದು. ಆದ್ದರಿಂದ ಸರಳನ್ನು ಅರ್ಧ ಒಳಕ್ಕೆ ತಳ್ಳಿಕೊಂಡೇ ಮುಚ್ಚಳ ತಿರುಗಿಸಿ, ಹೆಚ್ಚಿನ ಎಣ್ಣೆ ಹೊರಕ್ಕೆ ಉಕ್ಕುವಂತೆ ಮಾಡಬೇಕು. ಮೊದಲನೆಯದನ್ನು ಕೆಡಿಸಿದೆ. ಉಳಿದ ಮೂರು ಸರಿಯಾಗಿ ಬಂದವು. ಕೆಟ್ಟದ್ದನ್ನು ಮತ್ತೆ ಬಿಚ್ಚಿ ಕಟ್ಟಿದೆ. ನನ್ನ ಉಗುರುಗಳ ಸಂದಿ ಕಪ್ಪಾಗಿತ್ತು.

ಸ್ಪ್ರಿಂಗುಗಳು ಮೂರು ಬಗೆ ಬಂದಿದ್ದವು. ಮೆತ್ತನೆಯವನ್ನೇ ಹಾಕಿ ನೆಲಕ್ಕಿಟ್ಟಾಗ ಗಾಡಿ ತನ್ನ ಭಾರಕ್ಕೇ ಶಾಕಿನ ಮೂರನೆಯ ಒಂದು ಪಾಲು ಕುಗ್ಗಿ ನಿಂತಿತು. ನನಗೆ ಇದು ದೋಷವಾಗಿ ಕಂಡಿತು. ಅದೇ ಬೇಕಾದದ್ದಂತೆ: ಕುಗ್ಗಿ ನಿಂತಿದ್ದರೆ ತಾನೆ ಗುಳಿ ಬಂದಾಗ ಚಕ್ರ ಕೆಳಕ್ಕೆ ಚಾಚಿ ನೆಲವನ್ನು ಮುಟ್ಟುವುದು!

ಮರುದಿನ ಬೆಳಗ್ಗೆ ಅಪ್ಪ ವಾಕರು ಹಿಡಿದು ಬಂಡೆಯ ಬುಡದವರೆಗೆ ಬಂದರು. ಆರು ತಿಂಗಳಲ್ಲಿ ಅವರು ಹಿತ್ತಿಲ ಬೇಲಿ ದಾಟಿದ್ದು ಅದೇ ಮೊದಲು. ಬಂಡಿ ಹೊರಟಿತು, ಮೊದಲು ಮುಗ್ಗರಿಸಿದ ಜಾಗಕ್ಕೆ ಬಂದು, ಮುಂದಿನ ಚಕ್ರ ಮೇಲಿಟ್ಟು, ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಏರಿತು. ಕುಣಿತವಿಲ್ಲ. ಮಗ ಕೂಗಿಕೊಂಡು ಬಂಡೆಯ ಮೇಲಕ್ಕೆ ಓಡಿದ. ನಾನೂ ಚಪ್ಪಾಳೆ ತಟ್ಟಿದೆನೆಂದು ತೋರುತ್ತದೆ.

ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. “ಮೋಟಾರು ಎಳೆದಾಗೆಲ್ಲ ಬಲಕ್ಕೆ ವಾಲ್ತಾ ಇದೆ. ಎಡಗಡೆ ಮುಂದಿನ ಚಕ್ರ ಎದ್ದಿತ್ತು, ನೋಡಲಿಲ್ಲವಾ? ಬಲಗಡೆ ಹಿಂದಿಂದರ ಬಳೆ ಅರ್ಧ ಸುತ್ತು ಬಿಗಿ ಮಾಡು.”

ನಾನು ಚಪ್ಪಲಿ ಬಿಟ್ಟು ಬಂಡೆ ಹತ್ತಿದೆ. ಕೆಳಗಿನಿಂದ ಅವರು, “ಅರ್ಧ ಅಂದ್ರೆ ಅರ್ಧ, ಒಂದಲ್ಲ” ಎಂದು ಕೂಗುತ್ತಿದ್ದರು.