ಕಪ್ಪುಪಟ್ಟಿ

ಕಳೆದ ವರ್ಷ, ನಾನು ಮಾಡದ ತಪ್ಪಿಗೆ ನನಗೊಂದು ಶಿಕ್ಷೆಯಾಯಿತು. ವಿದ್ಯಾರ್ಥಿವೇತನದ ಅರ್ಜಿಯನ್ನು ಪಿರಿಯಾಪಟ್ಟಣದಲ್ಲಿರುವ ನಮ್ಮಣ್ಣನ ಕಂಪ್ಯೂಟರ್ ಅಂಗಡಿಯ ಈ-ಮೇಲ್ ವಿಳಾಸದಿಂದ ಕಳುಹಿಸಿದ್ದೆ. ಕ್ಷಣಾರ್ಧದಲ್ಲಿ ಅದು ಹಿಂದಿರುಗಿ ಬಂದಿತು. ವಿಳಾಸವು ಕಪ್ಪುಪಟ್ಟಿಯಲ್ಲಿದೆ ಎಂಬ ಷರಾ ಬೇರೆ!

“ನಾನೇನು ತಪ್ಪು ಮಾಡಿದೆನಣ್ಣ?” ಎಂದೆ.

“ನೀನಲ್ಲ ಕಣೋ, ಪಕ್ಕದವನು ಮಾಡಿದ್ದಾನೆ” ಎಂದು ಅಣ್ಣ ನಕ್ಕ. ಅಂಗಡಿಯ ಈ-ಮೇಲ್ ಹೊರಡುವ ಸರ್ವರಿನಲ್ಲಿ ಇನ್ನೂ ಅನೇಕ ಬಾಡಿಗೆದಾರರಿದ್ದಾರೆ; ಎಲ್ಲರಿಗೂ ಅಂಕಿಗಳ ವಿಳಾಸ ಒಂದೇ. ಅವರಲ್ಲೊಬ್ಬ ಸ್ಪ್ಯಾಮ್ ಎಂಬ ಕಸದ ಕಾಗದಗಳನ್ನು ಕಂಡಕಂಡವರಿಗೆಲ್ಲ ತೂರಿದ್ದ. ಪಟ್ಟಿಗೆ ಸೇರಿದ್ದು ಮಾತ್ರ ಎಲ್ಲರ ವಿಳಾಸ.

ಈ ಪಟ್ಟಿಗಳು ಇಂದು ನಿನ್ನೆಯವಲ್ಲ. 1997ರಲ್ಲಿ ಅಮೆರಿಕದ ಪಾಲ್ ವಿಕ್ಸಿಯವರು ಇಂಥದೊಂದನ್ನು ಆರಂಭಿಸಿದರು. ಮರುವರ್ಷ ಸ್ಪ್ಯಾಮ್‌ಹೌಸ್ ಸಂಸ್ಥೆ ಹುಟ್ಟಿತು. ಕಾಗದ ಬಾಗಿಲಿಗೆ ಬಂದೊಡನೆ, ಅದನ್ನು ಓದುವ ಮೊದಲೇ, ಕಳುಹಿಸಿದ ಯಂತ್ರದ ವಿಳಾಸ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸುವುದೇ ಅವುಗಳ ಕ್ರಮ. ಶ್ರಮ ಕಡಿಮೆ, ವೇಗ ಹೆಚ್ಚು. ಆದರೆ ಕೆಲವು ಪಟ್ಟಿಗಳು ಒಂದೇ ವಿಳಾಸವನ್ನು ಹಿಡಿದರೆ, ಕೆಲವು ಇಡೀ ಬೀದಿಗೇ ಬೇಲಿ ಹಾಕುತ್ತವೆ.

“ಪಟ್ಟಿಗಳನ್ನೆಲ್ಲ ಸುಡಬೇಕು” ಎಂದು ಕೂಗಾಡಿದೆ. ಅಣ್ಣ ಮರುಮಾತಾಡದೆ ತನ್ನ ಅಂಚೆಪೆಟ್ಟಿಗೆಗಿದ್ದ ಪಟ್ಟಿಯ ಕಾವಲನ್ನು ಒಂದು ದಿನದ ಮಟ್ಟಿಗೆ ತೆಗೆದಿಟ್ಟ. ಮರುದಿನ ಲಾಟರಿ, ಸಾಲ, ಔಷಧಿಗಳ ರಾಶಿಯೊಳಗಿಂದ ಗಿರಾಕಿಯೊಬ್ಬರ ಕಾಗದವನ್ನು ಹೆಕ್ಕಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾನು ತೆಪ್ಪಗಾದೆ.

ಹಾಗಾದರೆ ನ್ಯಾಯವೆಲ್ಲಿ? ನನಗೆ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ನೆನಪಾಯಿತು. ಅಲ್ಲಿ ಬೇಲು ಯಾವ ಊರಿನದೆಂದು ದರ್ಜೆ ಹೇಳುವುದಿಲ್ಲ. ಎಲೆಯ ಬಣ್ಣ ನೋಡಿ, ಕೈಯಿಂದ ಮುಟ್ಟಿ ಹೇಳುತ್ತಾರೆ. ಪಟ್ಟಿಯೂ ಹಾಗೆ ಒಂದು ಸಾಕ್ಷಿಯಾಗಬೇಕು, ತೀರ್ಪಾಗಬಾರದು. 2001ರಲ್ಲಿ ಬಂದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶದ ಬಗೆಯೂ ಇದೇ: ವಿಳಾಸ ಪಟ್ಟಿಯಲ್ಲಿದ್ದರೆ ಇಷ್ಟು, ಒಕ್ಕಣೆ ಸಂಶಯಾಸ್ಪದವಾಗಿದ್ದರೆ ಇಷ್ಟು ಎಂದು ಅಂಕ ಹಾಕಿ, ಒಟ್ಟು ಮೊತ್ತ ನೋಡಿ ನಿರ್ಧರಿಸುತ್ತದೆ.

ನನ್ನ ಅರ್ಜಿ ಏನಾಯಿತೆನ್ನುವಿರಾ? ಕಡೆಯ ದಿನ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಕೈಯಾರೆ ಕೊಟ್ಟುಬಂದೆ. ಅಲ್ಲಿದ್ದ ಗುಮಾಸ್ತರು ನನ್ನ ನೆರೆಹೊರೆಯವರು ಎಂಥವರೆಂದು ಕೇಳಲಿಲ್ಲ. ಅವರು ನೋಡಿದ್ದು ಒಂದೇ ಪಟ್ಟಿ, ನನ್ನ ಅಂಕಪಟ್ಟಿ.